ಸೀಸೆಯೊಳಗಿನ ಸೂಕ್ಷ್ಮಜೀವಿಗಳು



ಹಾಲಿಗೆ ಹೆಪ್ಪು ಹಾಕುವುದನ್ನು ನೀವೆಲ್ಲರೂ ನೋಡಿರುವಿರಿ. ಒಂದು ಚಮಚೆ ಮೊಸರಿನಲ್ಲಿ ಅಡಗಿರುವ ಅಸಂಖ್ಯ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುವುದರಿಂದ ಹಾಲು ಗಟ್ಟಿಯಾಗುತ್ತದೆ. ಇಂತಹ ಜೀವಿಗಳು ಮನುಷ್ಯನ ಕರುಳಿಗೂ ಹಿತಕರವೆಂದು ಪ್ಯಾರಿಸಿನ ಪಾಸ್ಚರ್ ಸಂಸ್ಥೆಯ ವಿಜ್ಞಾನಿ ಮೆಚ್ನಿಕಾಫ್ ಅವರು ಇಪ್ಪತ್ತನೆಯ ಶತಮಾನದ ಆದಿಯಲ್ಲಿಯೇ ವಾದಿಸಿದರು. ಬಲ್ಗೇರಿಯದ ರೈತರ ದೀರ್ಘಾಯುಷ್ಯಕ್ಕೆ ಹುಳಿಹಾಲೇ ಕಾರಣವೆಂಬುದು ಅವರ ಊಹೆ. 1908ರಲ್ಲಿ ಅವರಿಗೆ ನೊಬೆಲ್ ಬಹುಮಾನವು ದೊರೆತುದು ಮಾತ್ರ ಈ ಊಹೆಗಾಗಿ ಅಲ್ಲ. ದೇಹದ ರೋಗನಿರೋಧಶಕ್ತಿಯನ್ನು ಕುರಿತ ಸಂಶೋಧನೆಗಾಗಿ.

ಅಂತಹ ಜೀವಿಗಳೇ ಇಂದು ಗುಳಿಗೆ, ಪುಡಿ, ಪಾನೀಯಗಳ ರೂಪದಲ್ಲಿ ‘ಪ್ರೋಬಯಾಟಿಕ್’ ಎಂಬ ಹೆಸರನ್ನು ತಾಳಿ ನಮ್ಮ ಮುಂಬಯಿಯ ಔಷಧದಂಗಡಿಗಳ ಕಪಾಟುಗಳಲ್ಲಿ ಕುಳಿತಿವೆ. ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಆರೋಗ್ಯಕ್ಕೆ ಹಿತವನ್ನುಂಟುಮಾಡುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೋಬಯಾಟಿಕ್‌ಗಳೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಹಾಗೂ ಕೃಷಿ ಸಂಸ್ಥೆಗಳ ತಜ್ಞರು 2001ರಲ್ಲಿ ನಿರೂಪಿಸಿದರು. ಆಯ್ಕೆಯ ಕೀಲಿಯೆಲ್ಲವೂ ಈ ಮಾತಿನಲ್ಲಿದೆ.

ಮೊದಲು ಯಾವ ಜೀವಿ ಎಂಬುದನ್ನು ನೋಡಬೇಕು. ‘ಲ್ಯಾಕ್ಟೋಬ್ಯಾಸಿಲಸ್’ ಎಂದಷ್ಟೇ ಬರೆದಿದ್ದರೆ ಸಾಲದು. ಚಾಳಿನ ಹೆಸರನ್ನು ಬರೆದು ಖೋಲಿಯ ಸಂಖ್ಯೆಯನ್ನು ಬರೆಯದಿದ್ದರೆ ಅಂಚೆಯವನು ಏನು ಮಾಡಿಯಾನು? ಕುಲ, ಪ್ರಭೇದ, ತಳಿ ಈ ಮೂರೂ ತಿಳಿಯಬೇಕು. ಏಕೆಂದರೆ ಒಂದು ತಳಿಯ ವಿಷಯದಲ್ಲಿ ಸಿದ್ಧವಾದ ಗುಣವು ಅದರ ಸೋದರ ತಳಿಗೆ ತಾನಾಗಿಯೇ ಬಾರದು. ಇನ್ನು ಪ್ರಮಾಣ: ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಂತೆ ಪ್ರೋಬಯಾಟಿಕ್ ಆಹಾರದ ದಿನವೊಂದರ ಪಾಲಿನಲ್ಲಿ ಕನಿಷ್ಠ 10 ಕೋಟಿ ಜೀವಂತ ಜೀವಿಗಳಿರಬೇಕು. ತಯಾರಾದ ದಿನದ ಸಂಖ್ಯೆಗಿಂತಲೂ ಅವಧಿ ಮುಗಿಯುವ ದಿನದವರೆಗೆ ಉಳಿಯುವ ಸಂಖ್ಯೆಯೇ ಮುಖ್ಯ. ತಂಪಿನಲ್ಲಿಡಬೇಕೆಂದು ಬರೆದಿರುವುದನ್ನು ಬಿಸಿಲಿನಲ್ಲಿಟ್ಟು ಮಾರಿದರೆ ಸತ್ತ ಜೀವಿಗಳಿಗೆ ಹಣ ತೆತ್ತಂತೆ. ಮನೆಯ ಮೊಸರಿನಲ್ಲಿ ತಳಿಯಾವುದು, ಸಂಖ್ಯೆಯೆಷ್ಟು ಎಂಬುದು ಗೊತ್ತಿರುವುದಿಲ್ಲ. ಆದುದರಿಂದ ಶಾಸ್ತ್ರೀಯವಾಗಿ ಅದಕ್ಕೆ ಈ ಹೆಸರು ಸಲ್ಲದಾದರೂ ಉತ್ತಮ ಆಹಾರವೆಂಬ ಅದರ ಗೌರವಕ್ಕೇನೂ ಕುಂದಿಲ್ಲ.

ಆಹಾರ ಪೂರಕವಾಗಿ ಮಾರಲಾಗುವ ಡಬ್ಬಿಯ ಮೇಲೆ ‘ಔಷಧೋಪಯೋಗಕ್ಕಲ್ಲ’ ಎಂಬ ಒಕ್ಕಣೆಯಿರುತ್ತದೆ. ಔಷಧದಂಗಡಿಯಲ್ಲಿ ಕೊಂಡರೂ ಕಾನೂನಿನ ಕಣ್ಣಿಗೆ ಅದು ಔಷಧವಲ್ಲ. (ಕೆಲವು ಪ್ರೋಬಯಾಟಿಕ್‌ಗಳು ಔಷಧಗಳಾಗಿಯೇ ಪರವಾನಗಿ ಪಡೆದಿರುವುದೂ ಉಂಟು.) ಆರೋಗ್ಯವಿಮೆಯ ತೊಡಕು ಹುಟ್ಟುವುದು ಇಲ್ಲಿಯೇ. ವಿಮಾ ನಿಯಂತ್ರಣ ಪ್ರಾಧಿಕಾರವು 2019ರಲ್ಲಿ ರೂಪಿಸಿದ ಏಕರೂಪದ ವಿನಾಯಿತಿಗಳಲ್ಲಿ 14ನೆಯದು ಆಹಾರ ಪೂರಕಗಳಿಗೂ, ವೈದ್ಯರ ಚೀಟಿಯಿಲ್ಲದೆ ಕೊಳ್ಳಬಹುದಾದ ವಸ್ತುಗಳಿಗೂ ಸಂಬಂಧಿಸಿದುದು. ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಅಥವಾ ದಿನದ ಮಟ್ಟಿಗೆ ಚಿಕಿತ್ಸೆ ಪಡೆಯುವಾಗ ಅದರ ಅಂಗವಾಗಿ ವೈದ್ಯರು ಬರೆದುಕೊಟ್ಟಿದ್ದರೆ ಮಾತ್ರ ಈ ವಿನಾಯಿತಿಯು ಅಡ್ಡಬಾರದು. ಬರಿಯ ಚೀಟಿಯೊಂದಿದ್ದರೆ ಸಾಕೆಂದು ನಂಬಿ ತಿಂಗಳುಗಟ್ಟಲೆ ರಸೀದಿಗಳನ್ನು ಕೂಡಿಟ್ಟವರಿಗೆ ಸಾಮಾನ್ಯ ಪಾಲಿಸಿಯಿಂದ ಹಣವು ಬಾರದು. ಹೊರರೋಗಿಯ ವೆಚ್ಚವನ್ನೂ ಭರಿಸುವ ಪಾಲಿಸಿಗಳು ಕೆಲವಿವೆ. ಅವುಗಳಲ್ಲಿಯೂ ಷರತ್ತುಗಳನ್ನು ಓದಬೇಕು. ಇಂಗ್ಲಿಷಿನಲ್ಲಿರುವ ಆ ಕಾಗದವನ್ನು ಮನೆಯ ಹಿರಿಯರಿಗೆ ಓದಿಹೇಳುವ ಕೆಲಸ ನಿಮ್ಮ ಪಾಲಿಗೆ ಬಂದರೆ ಮೊದಲು ವಿನಾಯಿತಿಗಳ ಪುಟವನ್ನು ತೆರೆಯಿರಿ.

ಅತಿಸಾರವಾದಾಗ ಪ್ರೋಬಯಾಟಿಕ್ ಸೀಸೆಗಿಂತ ಮೊದಲು ಬೇಕಾದುದು ಉಪ್ಪುಸಕ್ಕರೆಯ ಮರುಜಲೀಕರಣ ದ್ರಾವಣ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೂ ರೋಗನಿರೋಧಶಕ್ತಿ ತೀರ ಕುಗ್ಗಿದವರಿಗೂ ಈ ಜೀವಿಗಳೇ ಸೋಂಕನ್ನು ತರಬಹುದಾದುದರಿಂದ ವೈದ್ಯರನ್ನು ಕೇಳದೆ ಕೊಡಲಾಗದು.