ಗುಳಿಗೆ ಚೀಲದ ಕಾವಲು ಯಾರದು?

ಪಾರ್ಶ್ವವಾಯು ಬಡಿದು, ದಾವಣಗೆರೆಯ ಯಾವುದೋ ಆಸ್ಪತ್ರೆಯಲ್ಲಿ ಹತ್ತು-ಹನ್ನೆರಡು ದಿನ ಕಳೆದು ಊರಿಗೆ ಮರಳುವ ರೋಗಿಯ ಜೊತೆ ಎರಡು ಸಂಗತಿಗಳು ಮನೆ ಸೇರುತ್ತವೆ. ಒಂದು, ಪ್ಲಾಸ್ಟಿಕ್ ಚೀಲದ ತುಂಬ ಗುಳಿಗೆ. ಇನ್ನೊಂದು, ‘ದಿನಾಲೂ ವ್ಯಾಯಾಮ ಮಾಡಿಸಿ’ ಎಂಬ ಒಂದು ಸಾಲಿನ ಸಲಹೆ. ವೈದ್ಯರು ಮತ್ತೆ ನೋಡುವುದು ತಿಂಗಳ ಮೇಲೆ. ಆ ಒಂದು ಸಾಲಿನ ಸಲಹೆಯ ನೆಪದಲ್ಲಿ ವಾರಕ್ಕೆ ಮೂರು ದಿನ ಆ ಮನೆಯ ಪಡಸಾಲೆಯಲ್ಲಿ ಕುಳಿತು ರೋಗಿಯ ಕೈಕಾಲು ಆಡಿಸುವವನು ನನ್ನಂಥ ಫಿಜಿಯೊಥೆರಪಿಸ್ಟ್. ಚೀಲ ನನ್ನ ಕಣ್ಣೆದುರೇ ಮೊಳೆಗೆ ನೇತಾಡುತ್ತಿರುತ್ತದೆ. ಅದರೊಳಗೆ ಏನಿದೆ, ಯಾರು ಎಷ್ಟು ನುಂಗುತ್ತಿದ್ದಾರೆ ಎಂಬುದನ್ನು ನೋಡುವ ಹೊಣೆ ಮಾತ್ರ ಯಾರ ಹೆಸರಿನಲ್ಲೂ ಬರೆದಿಲ್ಲ.

ನಾನು ಕೆಲಸ ಮಾಡುವುದು ಹರಪನಹಳ್ಳಿ ತಾಲ್ಲೂಕಿನ ಹಲವಾಗಲು ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ. ತುಂಗಭದ್ರೆಯ ದಂಡೆಯ ಸೀಮೆ ಇದು. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಸೇರಿದ ಈ ತಾಲ್ಲೂಕು, 371ಜೆ ವಿಧಿಯ ಸೌಲಭ್ಯಕ್ಕಾಗಿ ನಡೆದ ಹೋರಾಟದ ನಂತರ ಮತ್ತೆ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಆಡಳಿತದ ನಕಾಶೆ ಎಷ್ಟು ಸಲ ಬದಲಾದರೂ ಕಾಯಿಲೆಯಾದಾಗ ಜನ ಹಿಡಿಯುವ ದಾರಿ ಬದಲಾಗಿಲ್ಲ. ಕೈಯಲ್ಲಿ ಕಾಸಿದ್ದರೆ ದಾವಣಗೆರೆ, ಇಲ್ಲದಿದ್ದರೆ ಹರಪನಹಳ್ಳಿಯ ತಾಲ್ಲೂಕು ಆಸ್ಪತ್ರೆ, ಅವಸರಕ್ಕೆ ಹರಿಹರ, ಹೊಳೆ ದಾಟಿದರೆ ರಾಣೆಬೆನ್ನೂರು. ಒಬ್ಬ ವೈದ್ಯರು ಬರೆದದ್ದು ಇನ್ನೊಬ್ಬರಿಗೆ ತಿಳಿಯುವುದು ಆ ಚೀಲದ ಮೂಲಕ ಮಾತ್ರ. ಬಹಳ ಮಂದಿ ಆಸ್ಪತ್ರೆಗೆ ಹೋಗುವಾಗ ಅದನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ.

ಕಳೆದ ವರ್ಷದ ಒಂದು ಉದಾಹರಣೆ ಹೇಳುತ್ತೇನೆ. ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಬಲಗೈ ಬಲಗಾಲಿಗೆ ಲಕ್ವ ಹೊಡೆದು ಎರಡು ತಿಂಗಳಾಗಿತ್ತು. ಕಾಲಿನ ಬಲ ಚೆನ್ನಾಗಿಯೇ ಮರಳುತ್ತಿದ್ದರೂ ನಿಲ್ಲಿಸಲು ಹೋದರೆ ಆಕೆ ಮಂಚ ಬಿಡುತ್ತಿರಲಿಲ್ಲ. ‘ಎದ್ದು ನಿಂತ್ರೆ ಕಣ್ಣಿಗೆ ಕತ್ಲೆ ಬರ್ತೈತಪ್ಪ’ ಎನ್ನುವುದು ಆಕೆಯ ಮಾತು. ಹೆದರಿಕೆ, ವಯಸ್ಸು, ನಿಶ್ಶಕ್ತಿ ಎಂದು ಮನೆಯವರ ವಿವರಣೆ. ಮಲಗಿಸಿ ಒಮ್ಮೆ ರಕ್ತದೊತ್ತಡ ನೋಡಿದೆ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೊಮ್ಮೆ ನೋಡಿದೆ. ಮೇಲಿನ ಅಂಕಿ 132ರಿಂದ 100ಕ್ಕೆ ಇಳಿದಿತ್ತು. ಹೀಗೆ ನಿಂತಾಗ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ರೋಗಲಕ್ಷಣವೆಂದೇ ವೈದ್ಯಶಾಸ್ತ್ರ ಪರಿಗಣಿಸುತ್ತದೆ. ಚೀಲ ತೆಗೆಸಿ ಗುಳಿಗೆಗಳನ್ನು ಚಾಪೆಯ ಮೇಲೆ ಹರಡಿದೆವು. ಸರ್ಕಾರಿ ಆಸ್ಪತ್ರೆಯಿಂದ ತಂದ ಅಮ್ಲೊಡಿಪಿನ್ ಒಂದು ಹಾಳೆ, ಔಷಧಿ ಅಂಗಡಿಯಿಂದ ಕೊಂಡ ಬೇರೆ ಹೆಸರಿನ, ಬೇರೆ ಬಣ್ಣದ ಇನ್ನೊಂದು ಹಾಳೆ. ಕೆಳಗಿನ ಸಣ್ಣ ಅಕ್ಷರಗಳನ್ನು ಓದಿದರೆ ಅದೂ ಅಮ್ಲೊಡಿಪಿನ್. ಸೊಸೆ ಪಾಪ, ಎರಡನ್ನೂ ಒಂದು ದಿನವೂ ತಪ್ಪದೆ ಕೊಟ್ಟಿದ್ದಳು.

ನಾನು ಯಾವ ಗುಳಿಗೆಯನ್ನೂ ನಿಲ್ಲಿಸಲಿಲ್ಲ. ಅದು ನನ್ನ ಅಧಿಕಾರವಲ್ಲ. ಅಂಕಿಗಳನ್ನೂ ಎರಡು ಹಾಳೆಗಳ ಹೆಸರನ್ನೂ ಆಕೆಯನ್ನು ನೋಡುತ್ತಿದ್ದ ವೈದ್ಯರಿಗೆ ಫೋನಿನಲ್ಲಿ ತಿಳಿಸಿದೆ. ಒಂದನ್ನು ಬಿಡಿಸಿ ಎಂದು ಅವರು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದರು. ಹದಿನೈದು ದಿನಗಳಲ್ಲಿ ಅಜ್ಜಿ ಬಾಗಿಲವರೆಗೆ ನಡೆದಳು. ಮುಂಚೆ ಹಾಗೆ ನಿಂತಾಗಲೊಮ್ಮೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದರೆ ಆಕೆ ಮತ್ತೆ ನಡೆಯುವ ಮಾತು ದೂರವೇ ಉಳಿಯುತ್ತಿತ್ತು.

ಇಂಥದ್ದನ್ನು ಬಲ್ಲ ವೈದ್ಯರು ಊರ ತುಂಬ ಇದ್ದಾರೆ. ಆದರೆ ರೋಗಿ ಅವರ ಮುಂದೆ ಕುರ್ಚಿಯಲ್ಲಿ ಐದು ನಿಮಿಷ ಕೂರುತ್ತಾನೆ. ನನ್ನ ಮುಂದೆ ಮುಕ್ಕಾಲು ಗಂಟೆ ಏಳುತ್ತಾನೆ, ಬಾಗುತ್ತಾನೆ, ಬೆವರುತ್ತಾನೆ. ಔಷಧದ ಗುಣ-ದೋಷಗಳು ಹೊರಬೀಳುವುದು ಹೀಗೆ ದೇಹ ಕೆಲಸ ಮಾಡುವಾಗಲೇ. ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್ ನುಂಗಿದವನು ಹೊಟ್ಟೆಗೆ ಏನಾದರೂ ಬೀಳುವ ಮೊದಲೇ ವ್ಯಾಯಾಮಕ್ಕೆ ನಿಂತರೆ ಕೈ ನಡುಗಿ, ತಣ್ಣನೆ ಬೆವತು ಕುಸಿಯಬಹುದು. ನಮ್ಮ ಕಡೆ ಬೆಳಗಿನ ಚಹಾದ ಜೊತೆ ಗುಳಿಗೆ, ರೊಟ್ಟಿ ಆಗುವುದು ಹತ್ತು ಗಂಟೆಗೆ. ಮಹಾನಗರದ ಚೀಟಿಯಲ್ಲಿ ‘ತಿಂಡಿಗೆ ಮುಂಚೆ’ ಎಂದು ಬರೆದದ್ದು ಇಲ್ಲಿ ಮೂರು ಗಂಟೆ ಮುಂಚೆ ಎಂದಾಗುತ್ತದೆ! ಹೃದ್ರೋಗಕ್ಕೆ ಮೆಟೊಪ್ರೊಲಾಲ್ ತೆಗೆದುಕೊಳ್ಳುವವರ ನಾಡಿ, ಎಷ್ಟು ದಣಿದರೂ ಅಷ್ಟಾಗಿ ಏರುವುದಿಲ್ಲ. ನಾಡಿ ಎಣಿಸಿ ವ್ಯಾಯಾಮದ ಪ್ರಮಾಣ ನಿರ್ಧರಿಸುವ ಥೆರಪಿಸ್ಟ್‌ಗೆ ಆ ಗುಳಿಗೆಯ ಸಂಗತಿ ತಿಳಿಯದಿದ್ದರೆ ಆತ ಕುರುಡಾಗಿ ಕೆಲಸ ಮಾಡಿದಂತೆ. ಪಾರ್ಕಿನ್ಸನ್ ರೋಗಿಗೆ ಲೆವೊಡೋಪದ ಪ್ರಭಾವ ಇರುವ ಹೊತ್ತಿನಲ್ಲಿ ಹೋದರೆ ಅಂಗಳ ಸುತ್ತುತ್ತಾನೆ, ಅದು ಇಳಿದ ಮೇಲೆ ಹೋದರೆ ಹೊಸ್ತಿಲಲ್ಲೇ ಕಾಲು ಕಚ್ಚಿ ನಿಲ್ಲುತ್ತಾನೆ. ಫಿಟ್ಸ್‌ಗೆ ಕೊಟ್ಟ ಫೆನಿಟೋಯಿನ್ ಪ್ರಮಾಣ ಮೀರಿದರೆ ಕುಡಿದವರಂತೆ ನಡೆ ತೂರಾಡುತ್ತದೆ. ಇವನ್ನೆಲ್ಲ ‘ರೋಗ ಹೆಚ್ಚಾಯಿತು’ ಎಂದು ತಿಳಿದು ಇನ್ನೊಂದು ಗುಳಿಗೆ ಸೇರಿಸುವ ಪರಿಪಾಠ ಅಪರೂಪವಲ್ಲ.

ಹೆಚ್ಚು ಅಪಾಯದ್ದು ನೋವಿನ ಗುಳಿಗೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುತ್ತಿರುವ ರೋಗಿಯೇ, ನಾನು ಭುಜ ಎತ್ತಿಸಿದ ನೋವಿಗೆ ಸಂಜೆ ಡೈಕ್ಲೊಫಿನ್ಯಾಕ್ ತರಿಸಿ ನುಂಗಿರುತ್ತಾನೆ. ವೈದ್ಯರ ಚೀಟಿ ಇಲ್ಲದೆ ಮಾರಕೂಡದ ‘ಎಚ್’ ಅನುಸೂಚಿಯಲ್ಲಿರುವ ಔಷಧ ಅದು. ಅದು ಎಷ್ಟು ಸುಲಭವಾಗಿ ಸಿಗುತ್ತದೆ ಎಂಬುದನ್ನು ಓದುಗರಿಗೆ ನಾನು ಹೇಳಬೇಕಾಗಿಲ್ಲ. ಎರಡೂ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಸಂಭವ ಹೆಚ್ಚು. ಮೊದಲೇ ಸೋತ ಮೂತ್ರಪಿಂಡವಿದ್ದರೆ ಅದಕ್ಕೂ ಪೆಟ್ಟು. ‘ನೋವಿಗೆ ಏನು ತಗೊಂಡ್ರಿ?’ ಎಂದು ಕೇಳಬೇಕಾದವನು ಆ ನೋವಿಗೆ ಕಾರಣನಾದ ನಾನೇ ಅಲ್ಲವೇ?

ನನ್ನ ವೃತ್ತಿಯ ಬಂಧುಗಳಾದ ಆಕ್ಯುಪೇಷನಲ್ ಥೆರಪಿಸ್ಟ್, ವಾಕ್ ಚಿಕಿತ್ಸಕರನ್ನು ನಮ್ಮ ಹಳ್ಳಿಗಳು ಕಂಡೇ ಇಲ್ಲವೆನ್ನಬಹುದು. ಅವರ ಕೆಲಸವೂ ಈ ಚೀಲದೊಂದಿಗೆ ಬೆಸೆದುಕೊಂಡಿದೆ. ನುಂಗಲು ತ್ರಾಸವಿರುವ ರೋಗಿಗೆ ಮನೆಯವರು ಎಲ್ಲ ಗುಳಿಗೆಗಳನ್ನೂ ಒಟ್ಟಿಗೆ ಒರಳಲ್ಲಿ ಕುಟ್ಟಿ ಬೆಲ್ಲದ ನೀರಿನಲ್ಲಿ ಕುಡಿಸುತ್ತಾರೆ. ನಿಧಾನವಾಗಿ ಕರಗಲೆಂದು ತಯಾರಿಸಿದ ‘ಎಸ್‌ಆರ್’ ಗುಳಿಗೆ ಕುಟ್ಟಿದೊಡನೆ ದಿನವಿಡೀ ಹರಡಿಕೊಳ್ಳಬೇಕಾದ ಔಷಧವನ್ನು ಒಂದೇ ಸಲ ಸುರಿಯುತ್ತದೆ. ಇನ್ನು ಒಂದು ಕೈ ಸ್ವಾಧೀನ ತಪ್ಪಿದವನು ಗುಳಿಗೆ ಹಾಳೆಯನ್ನು ಹೇಗೆ ಬಿಡಿಸಬೇಕು? ಹಲ್ಲಿನಿಂದ ಕಚ್ಚಿ ಬಿಡಿಸಿದಾಗ ಮಂಚದ ಕೆಳಗೆ ಉರುಳಿಹೋದ ಗುಳಿಗೆಗಳನ್ನು ನಾನೇ ಹೆಕ್ಕಿದ್ದೇನೆ. ಅಂಥವನ ಬಗ್ಗೆ ಮುಂದಿನ ತಿಂಗಳು ವೈದ್ಯರು ‘ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ’ ಎಂದು ಬರೆಯುತ್ತಾರೆ.

ಸರಿಯಾಗಿ ತೆಗೆದುಕೊಳ್ಳಲು ಓದಲು ಬರಬೇಕು, ಅದೂ ಇಂಗ್ಲಿಷನ್ನು. ಗುಳಿಗೆ ಹಾಳೆಯ ಮೇಲೆ ಕನ್ನಡದ ಒಂದಕ್ಷರ ಕಾಣುವುದು ಅಪರೂಪ. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಎಷ್ಟೋ ಮನೆಗಳಲ್ಲಿ, ಅದರಲ್ಲೂ ತಾಂಡಾಗಳಲ್ಲಿ, ಗಂಡು-ಹೆಣ್ಣು ಇಬ್ಬರೂ ಸುಗ್ಗಿ ಮುಗಿದೊಡನೆ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟುಬಿಡುತ್ತಾರೆ. ಉಳಿಯುವುದು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಐದನೇ ತರಗತಿಯ ಮೊಮ್ಮಗಳು ‘ಕೆಂಪನೆಯದು ಬೆಳಿಗ್ಗೆ, ಉದ್ದನೆಯದು ರಾತ್ರಿ’ ಎಂದು ಬಣ್ಣ-ಆಕಾರ ನೋಡಿ ಅಜ್ಜನಿಗೆ ಗುಳಿಗೆ ಕೊಡುತ್ತಾಳೆ. ಮುಂದಿನ ತಿಂಗಳು ಬೇರೆ ಕಂಪನಿಯ ಸರಕು ಬಂದು ಕೆಂಪನೆಯದು ಬಿಳಿಯಾದರೆ ಆ ಮನೆಯ ಔಷಧಶಾಸ್ತ್ರವೆಲ್ಲ ತಲೆಕೆಳಗು.

ಫಿಜಿಯೊಥೆರಪಿಸ್ಟ್‌ಗೆ ಔಷಧದ ಗೊಡವೆ ಏಕೆ ಎಂಬ ಆಕ್ಷೇಪಣೆ ಇದೆ. ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸೂಜಿ ಚುಚ್ಚುವ ಅರ್ಧ ವೈದ್ಯರಿಂದ ನಮ್ಮ ಹಳ್ಳಿಗಳು ಸಾಕಷ್ಟು ನೊಂದಿವೆ. ಆ ಸಾಲಿಗೆ ಇನ್ನೊಬ್ಬರು ಸೇರುವುದು ಬೇಡ. ಬ್ರಿಟನ್ನಿನಲ್ಲಿ 2013ರಿಂದ ವಿಶೇಷ ತರಬೇತಿ ಪಡೆದ ಫಿಜಿಯೊಥೆರಪಿಸ್ಟ್‌ಗಳು ತಾವೇ ಔಷಧ ಬರೆಯಬಹುದು. ಆ ಅಧಿಕಾರವನ್ನು ನಾನು ಇಲ್ಲಿ ಕೇಳುತ್ತಿಲ್ಲ. ನಮ್ಮ ಪದವಿಯಲ್ಲಿ ಔಷಧಶಾಸ್ತ್ರ ಒಂದು ವಿಷಯ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪರೀಕ್ಷೆ ಬರೆದೇ ನಾವು ಹೊರಬಂದಿದ್ದೇವೆ. ಆ ಓದು ಔಷಧ ಬರೆಯಲು ಸಾಲದು, ಆದರೆ ಅನುಮಾನ ಪಡಲು ಸಾಕು. ಅನುಮಾನ ಬಂದಾಗ ಯಾರಿಗೆ ಹೇಳಬೇಕು, ಹೇಳಿದ್ದನ್ನು ಯಾರು ಕೇಳಬೇಕು ಎಂಬುದೇ ತೊಡಕು. ‘ನೀವು ನಿಮ್ಮ ವ್ಯಾಯಾಮ ನೋಡಿಕೊಳ್ಳಿ’ ಎಂದು ಫೋನಿಟ್ಟ ವೈದ್ಯರೂ ಇದ್ದಾರೆ. ಅವರ ಬಾಗಿಲಲ್ಲಿ ನಿಂತ ಸರದಿಯನ್ನು ನೆನೆದರೆ ಪೂರ್ತಿ ದೂಷಿಸಲೂ ಮನಸ್ಸಾಗುವುದಿಲ್ಲ.

2021ರಲ್ಲಿ ಸಂಸತ್ತು ಸಹವರ್ತಿ ಆರೋಗ್ಯ ವೃತ್ತಿಗಳಿಗಾಗಿ ರಾಷ್ಟ್ರೀಯ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು. ಆ ಬಳಿಕ ನಮ್ಮ ವೃತ್ತಿಯ ಬಗ್ಗೆ ಪತ್ರಿಕೆಗಳಲ್ಲಿ ದೊಡ್ಡ ಸದ್ದಾದದ್ದು ಹೆಸರಿನ ಹಿಂದೆ ‘ಡಾ.’ ಹಚ್ಚಿಕೊಳ್ಳಬಹುದೇ ಎಂಬ ಪ್ರಶ್ನೆಗೆ. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಅದು ಸಲ್ಲದೆಂದು ಪತ್ರ ಹೊರಡಿಸಿ, ಮರುದಿನವೇ ಹಿಂದಕ್ಕೆ ಪಡೆಯಿತು. ಹಲವಾಗಲಿನಲ್ಲಿ ನನ್ನನ್ನು ಕರೆಯುವುದು ‘ಕಸರತ್ತಿನ ಸಾರು’ ಎಂದು. ನನಗೆ ಅಷ್ಟು ಸಾಕು. ಹೆಸರಿನ ಹಿಂದಿನ ಎರಡಕ್ಷರಕ್ಕೆ ಸಿಕ್ಕ ಗಮನದ ಕಾಲುಭಾಗ, ರೋಗಿಯ ಮನೆಯಲ್ಲಿ ಥೆರಪಿಸ್ಟ್ ಕಂಡದ್ದನ್ನು ದಾಖಲಿಸುವ ಕರ್ತವ್ಯಕ್ಕೆ ಸಿಕ್ಕಿದ್ದರೆ ಚೆನ್ನಾಗಿತ್ತು.

ಬೇರೆ ಕಡೆ ಇದು ಕರ್ತವ್ಯವೇ ಆಗಿದೆ. ಅಮೆರಿಕದ ಮೆಡಿಕೇರ್ ನಿಯಮಗಳ ಪ್ರಕಾರ ಮನೆ ಆರೈಕೆಗೆ ಸೇರಿದ ರೋಗಿಯ ಮೊದಲ ಸಮಗ್ರ ಪರಿಶೀಲನೆಯಲ್ಲಿ ಆತ ಸೇವಿಸುತ್ತಿರುವ ಎಲ್ಲ ಔಷಧಗಳ ಅವಲೋಕನ ಕಡ್ಡಾಯ. ರೋಗಿಗೆ ನರ್ಸ್‌ನ ಅಗತ್ಯವಿಲ್ಲದೆ ಬರೀ ಥೆರಪಿಯಷ್ಟೇ ಬೇಕಿದ್ದಾಗ ಥೆರಪಿಸ್ಟ್ ಮನೆಯಲ್ಲಿರುವ ಗುಳಿಗೆಗಳ ಪಟ್ಟಿ ಮಾಡುತ್ತಾನೆ. ಅನುಮಾನ ಬಂದದ್ದನ್ನು ಸಂಸ್ಥೆಯ ನರ್ಸ್ ತಾಳೆ ನೋಡಿ ವೈದ್ಯರಿಗೆ ಮುಟ್ಟಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಔಷಧಗಳಿಂದಾಗುವ ಹಾನಿ ತಗ್ಗಿಸುವ ಆಂದೋಲನ ಆರಂಭಿಸಿದಾಗ ಮೂರು ಸಂಗತಿಗಳಿಗೆ ಒತ್ತು ಕೊಟ್ಟಿತು: ಅಪಾಯ ಹೆಚ್ಚಿರುವ ಸಂದರ್ಭಗಳು, ಒಬ್ಬನೇ ರೋಗಿ ಹಲವು ಗುಳಿಗೆ ನುಂಗುವುದು, ಆಸ್ಪತ್ರೆಯಿಂದ ಮನೆಗೆ ದಾಟುವ ಘಟ್ಟ. ಆ ಮೂರೂ ನಾನು ಕೂರುವ ಪಡಸಾಲೆಯಲ್ಲಿ ಒಟ್ಟಿಗೇ ಇವೆ.

ಇದಕ್ಕೆ ಹೊಸ ಇಲಾಖೆಯೇನೂ ಬೇಡ. 2010-11ರಲ್ಲಿ ಆರಂಭವಾದ ವೃದ್ಧರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದಲ್ಲೇ ಹಾಸಿಗೆ ಹಿಡಿದವರ ಮನೆಗೆ ಪುನಶ್ಚೇತನ ಕಾರ್ಯಕರ್ತರು ಹೋಗಬೇಕೆಂದಿದೆ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಆರಂಭವಾಗಿ ಮರುವರ್ಷ ರಾಜ್ಯಕ್ಕೆ ವಿಸ್ತರಿಸಿದ ‘ಗೃಹ ಆರೋಗ್ಯ’ ಯೋಜನೆ ಮನೆಬಾಗಿಲಲ್ಲೇ ಬಿ.ಪಿ., ಸಕ್ಕರೆ ಪರೀಕ್ಷಿಸಿ ಗುಳಿಗೆ ತಲುಪಿಸುವ ಆಶಯದ್ದು. ಆಶಯ ಒಳ್ಳೆಯದು. ಆದರೆ ಖಾಸಗಿ ಆಸ್ಪತ್ರೆಯ ಚೀಲ ಈಗಾಗಲೇ ನೇತಾಡುತ್ತಿರುವ ಮನೆಗೆ ಸರ್ಕಾರಿ ಗುಳಿಗೆಯೂ ಬಂದರೆ, ಆ ಅಜ್ಜಿಗಾದದ್ದೇ ಇನ್ನಷ್ಟು ಮನೆಗಳಲ್ಲಿ ಆಗಬಹುದು. ಮನೆಯಲ್ಲಿರುವುದನ್ನು ಮೊದಲು ನೋಡಿ, ಆಮೇಲೆ ಕೊಡುವ ಕ್ರಮ ಬೇಕು.

ನಾನು ಈಗ ಮಾಡುತ್ತಿರುವುದು ಇಷ್ಟೇ. ಮೊದಲ ಭೇಟಿಯಲ್ಲಿ ಚೀಲ ತೆಗೆಸುತ್ತೇನೆ. ಒಂದು ಹಾಳೆಯ ಮೇಲೆ ಕನ್ನಡದಲ್ಲಿ ಔಷಧದ ಮೂಲ ಹೆಸರು, ಯಾವುದಕ್ಕೆ, ಯಾವ ಹೊತ್ತಿಗೆ, ಯಾರು ಬರೆದದ್ದು ಎಂದು ಬರೆದು, ಒಂದೊಂದರ ಪಕ್ಕ ಖಾಲಿ ಹಾಳೆಯ ತುಣುಕನ್ನು ಅಂಟಿಸುತ್ತೇನೆ. ಬೆಳಿಗ್ಗೆಯದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಆಸ್ಪತ್ರೆಗೆ ಹೋಗುವಾಗ ಆ ಹಾಳೆಯನ್ನು ಕಡ್ಡಾಯವಾಗಿ ಒಯ್ಯಬೇಕೆಂದು ಹೇಳುತ್ತೇನೆ. ಇದಕ್ಕೆ ಇಪ್ಪತ್ತು ನಿಮಿಷ ಹಿಡಿಯುತ್ತದೆ, ಯಾರೂ ಹಣ ಕೊಡುವುದಿಲ್ಲ, ಕೇಳುವುದೂ ಸರಿಯಲ್ಲ. ಆರೋಗ್ಯ ಇಲಾಖೆ ಇಂಥದೊಂದು ಹಾಳೆಯನ್ನು ಅಚ್ಚು ಹಾಕಿಸಿ ತಾಯಿ ಕಾರ್ಡಿನಂತೆ ಮನೆಮನೆಗೆ ಕೊಟ್ಟು, ಅದರ ಕೆಳಗೆ ಅನುಮಾನ ಬಂದಾಗ ಕರೆ ಮಾಡಬೇಕಾದ ಸಮುದಾಯ ಆರೋಗ್ಯ ಅಧಿಕಾರಿಯ ಫೋನ್ ನಂಬರ್ ಬರೆಸಬಹುದು. ಥೆರಪಿಸ್ಟ್, ಆಶಾ, ನರ್ಸ್, ಮನೆಗೆ ಯಾರೇ ಹೋದರೂ ಅದೇ ಹಾಳೆಯ ಮೇಲೆ ಬರೆಯಲಿ, ವೈದ್ಯರು ಅದನ್ನೇ ನೋಡಿ ಔಷಧ ಬರೆಯಲಿ. ಕಳೆದ ವಾರ ದಾವಣಗೆರೆಯ ಒಬ್ಬ ಹಿರಿಯ ವೈದ್ಯರು ನನ್ನ ರೋಗಿ ಒಯ್ದ ಹಾಳೆಯ ಮೇಲೆಯೇ ಎರಡು ಗುಳಿಗೆಗಳಿಗೆ ಗೀಟು ಹೊಡೆದು ಸಹಿ ಹಾಕಿ ಕಳಿಸಿದ್ದರು.