ಶೇಂಗಾ ಬಳ್ಳಿ ಹಿಡಿದು ಪಾಠ

ಕೊಪ್ಪಳ ಸೀಮೆಯ ಶರದೃತುವಿನಲ್ಲಿ ಎಲೆ ಉದುರುವುದಿಲ್ಲ, ತೆನೆ ತುಂಬುತ್ತದೆ. ಬೇವು ಎಲೆ ಕಳಚಿಕೊಳ್ಳುವುದು ಸಂಕ್ರಾಂತಿ ದಾಟಿದ ಮೇಲೆ. ಆದರೂ ಇಂಗ್ಲಿಷ್ ಮಾಧ್ಯಮದ ಎಷ್ಟೋ ಪುಸ್ತಕಗಳಲ್ಲಿ ಈ ಕಾಲಕ್ಕೆ ಕೆಂಪು ಮೇಪಲ್ ಎಲೆಯ ಚಿತ್ರವಿರುತ್ತದೆ. ಮಕ್ಕಳು ಅದನ್ನೇ ಬಣ್ಣದ ಕಾಗದದಲ್ಲಿ ಕತ್ತರಿಸಿ ಗೋಡೆಗೆ ಅಂಟಿಸುತ್ತಾರೆ. ಯಲಬುರ್ಗಾ, ಕುಷ್ಟಗಿಯ ಮಳೆಯಾಶ್ರಿತ ಹೊಲಗಳಲ್ಲಿ ಸಜ್ಜೆ, ಶೇಂಗಾ ಕೈಗೆ ಬರುತ್ತಿರುವಾಗ, ಗಂಗಾವತಿಯಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದ ಭತ್ತ ಹೊಡೆ ಬಿಚ್ಚುತ್ತಿರುವಾಗ, ಆ ಕಾಗದದ ಎಲೆಯಿಂದ ಮಗು ಕಲಿಯುವುದು ಕತ್ತರಿ ಹಿಡಿಯುವುದನ್ನಷ್ಟೇ. ಬಲ್ಲ ಟೀಚರ್ ಮಾಡುವ ಮೊದಲ ಕೆಲಸ, ಆ ಎಲೆಯನ್ನು ಬದಿಗಿಟ್ಟು ಹೊಲದ ಕಡೆ ನೋಡುವುದು.

ಹೀಗೆ ಹೊಲದ ಕಡೆ ನೋಡಲು ಇಲ್ಲಿನ ಕಥೋಲಿಕ ಶಾಲೆಗಳಿಗೆ ಒಂದು ಅನುಕೂಲವಿದೆ. ಈ ಸೀಮೆಯ ಕಥೋಲಿಕ ಸಭೆ 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಮಿಷನರಿ ಶಾಲೆಗಳು ಕ್ರಿಸ್‌ಮಸ್ ರಜೆ ಬೇಕೆಂದರೆ ಶಿಕ್ಷಣ ಇಲಾಖೆ ಅಷ್ಟು ದಿನಗಳನ್ನು ದಸರಾ ರಜೆಯಲ್ಲಿ ಕಡಿತ ಮಾಡಿಸುವುದು ರೂಢಿ. ಹೀಗಾಗಿ ಬೇರೆ ಶಾಲೆಗಳ ಮಕ್ಕಳು ಇನ್ನೂ ಮನೆಯಲ್ಲಿರುವಾಗಲೇ ಇಂಥ ಶಾಲೆಯ ಗಂಟೆ ಬಾರಿಸಬಹುದು. ಒಂದನೆಯ, ಎರಡನೆಯ ತರಗತಿಗೆ ಇದು ಒಳ್ಳೆಯ ಕಾಲ. ಪಾಠದ ಸಾಮಾನು ಬೆಳೆದು ನಿಂತಿರುತ್ತದೆ.

ಶೇಂಗಾ ಪಾಠವನ್ನೇ ನೋಡಿ. ಬಳ್ಳಿ ಆಯುವುದರಲ್ಲೇ ಕಸುಬು ಕಾಣುತ್ತದೆ. ಪೂರ್ತಿ ಬಲಿತು ಕೀಳುವ ಹದಕ್ಕೆ ಬಂದ ಬಳ್ಳಿಯಲ್ಲಿ ಹೂವು ಸಿಗುವುದು ಕಷ್ಟ. ತಡವಾಗಿ ಬಿತ್ತಿದ ಹೊಲದ್ದಾದರೆ ಹೂವೂ ಇರುತ್ತದೆ, ಎಳೆಗಾಯಿಯೂ ಇರುತ್ತದೆ. ಅದನ್ನು ಎಳೆದು ಕೀಳಬಾರದು. ಬುಡಕ್ಕೆ ನೀರು ಹನಿಸಿ, ಮಣ್ಣು ಮೆತ್ತಗಾದ ಮೇಲೆ ಕೈಹಾಕಿ ಎತ್ತಬೇಕು, ಇಲ್ಲದಿದ್ದರೆ ಬೇರಿನ ಗಂಟುಗಳು ಮಣ್ಣಲ್ಲೇ ಉಳಿದುಬಿಡುತ್ತವೆ. ನೆಲದ ಮೇಲೆ ಹಳೆಯ ಪೇಪರ್ ಹಾಸಿ ನಾಲ್ಕೈದು ಮಕ್ಕಳಿಗೆ ಒಂದು ಬಳ್ಳಿ ಕೊಟ್ಟು ಟೀಚರ್ ಸುಮ್ಮನಿರುತ್ತಾರೆ. ಈ ಸುಮ್ಮನಿರುವುದು ಬಹಳ ಕಷ್ಟದ ವಿದ್ಯೆ. ಹಳದಿ ಹೂವು ಮೇಲಿದೆ, ಕಾಯಿ ಮಣ್ಣೊಳಗೆ ಹೇಗೆ ಹೋಯಿತು? ಉತ್ತರ ಬಳ್ಳಿಯಲ್ಲೇ ಇದೆ. ಹೂವು ಬಾಡಿದ ಜಾಗದಿಂದ ಸೂಜಿಯಂಥ ತೊಟ್ಟೊಂದು ಕೆಳಗಿಳಿದು ಮಣ್ಣು ಹೊಕ್ಕು, ಅದರ ತುದಿ ಕಾಯಿಯಾಗುತ್ತದೆ. ಯಾವುದೋ ಒಂದು ಮಗು ಆ ತೊಟ್ಟನ್ನು ಬೆರಳಿನಿಂದ ಹಿಂಬಾಲಿಸಿ ಗಿಣ್ಣಿನವರೆಗೆ ಮುಟ್ಟುತ್ತದೆ. ಆಮೇಲೆ ಬೇರಿನ ಗಂಟು: ಉಗುರಿನಿಂದ ಒಡೆದರೆ ಒಳಗೆ ತಿಳಿಗೆಂಪು. ಗಾಳಿಯ ಸಾರಜನಕವನ್ನು ಗಿಡಕ್ಕೆ ಉಣಿಸುವ ಸೂಕ್ಷ್ಮಜೀವಿಗಳು ಅಲ್ಲಿವೆ ಎಂಬ ಮಾತು ಈ ವಯಸ್ಸಿಗೆ ಒಂದೇ ಸಾಲು ಸಾಕು. ಕೆಂಪನ್ನು ಕಂಡ ಕಣ್ಣು ಉಳಿದದ್ದನ್ನು ಮುಂದೆ ಕೇಳಿಕೊಳ್ಳುತ್ತದೆ.

ಲೆಕ್ಕಕ್ಕೆ ಬಂದರೆ ಇನ್ನೂ ಸೊಗಸು. ಕಾಯಿ ಒಡೆದು ಒಂದು ಬೀಜದ್ದು, ಎರಡರದ್ದು, ಮೂರರದ್ದು ಎಂದು ಸಿಪ್ಪೆಗಳನ್ನು ಬೇರೆ ಬೇರೆ ಸಾಲಾಗಿ ಇಡಿಸುತ್ತಾರೆ. ಟೀಚರ್ ಇಲ್ಲಿ ನೆಲದ ಟೈಲ್ಸ್ ಬಳಸುತ್ತಾರೆ: ಒಂದು ಚೌಕಕ್ಕೆ ಒಂದೇ ಸಿಪ್ಪೆ. ಹಾಗೆ ಮಾಡದಿದ್ದರೆ ದೊಡ್ಡ ಕಾಯಿಗಳ ಸಾಲು ಸುಳ್ಳೇ ಉದ್ದವಾಗಿ ಕಾಣುತ್ತದೆ. ಮಗು ಎಣಿಸುವ ಮುಂಚೆಯೇ ಯಾವುದು ಹೆಚ್ಚೆಂದು ಹೇಳುತ್ತದೆ, ಆಮೇಲೆ ಎಣಿಸಿ ತಾಳೆ ನೋಡುತ್ತದೆ. ಎರಡು ಬೀಜದ ಸಾಲಿನಿಂದ ಎರಡರ ಮಗ್ಗಿ ತಾನಾಗಿ ಹೊರಡುತ್ತದೆ. ಸ್ತಂಭಾಲೇಖ ಎಂಬ ದೊಡ್ಡ ಹೆಸರು ಮೇಲಿನ ತರಗತಿಗಿರಲಿ.

ಕೈಯಿಂದ ಬುದ್ಧಿಗೆ ಹೋಗುವ ಈ ದಾರಿಗೆ ಕಥೋಲಿಕ ಶಿಕ್ಷಣದಲ್ಲಿ ಹಿರಿಯರಿದ್ದಾರೆ. 1907ರಲ್ಲಿ ರೋಮಿನಲ್ಲಿ ಮಕ್ಕಳ ಮನೆ ತೆರೆದ ಮಾರಿಯಾ ಮಾಂಟೆಸರಿ ಕಥೋಲಿಕರು. ಬಾರ್ಸೆಲೋನಾದಲ್ಲಿ ಅವರ ಪದ್ಧತಿಯ ಮಕ್ಕಳು ಪೂಜೆಯ ರೊಟ್ಟಿ, ದ್ರಾಕ್ಷಾರಸಕ್ಕೆಂದು ಗೋಧಿಯನ್ನೂ ದ್ರಾಕ್ಷಿಯನ್ನೂ ತಾವೇ ಬೆಳೆದರು. 1939ರಲ್ಲಿ ಮದ್ರಾಸಿಗೆ ಬಂದ ಆಕೆ ಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದರು. ಕೊಡೈಕನಾಲಿನಲ್ಲಿದ್ದಾಗ ಗಿಡ, ಮಣ್ಣು, ಪ್ರಾಣಿ ಎಲ್ಲವನ್ನೂ ಒಂದಕ್ಕೊಂದು ಹೊಂದಿಸಿ ಕಲಿಸುವ ಕ್ರಮವನ್ನು ಬೆಳೆಸಿದರು. ನಮ್ಮ ರಾಜ್ಯದ್ದೇ ಆದ ನಲಿ-ಕಲಿಯೂ ಇದೇ ದಾರಿಯದು. 1995ರ ಹೊತ್ತಿಗೆ ಹೆಗ್ಗಡದೇವನಕೋಟೆಯಲ್ಲಿ ಸರ್ಕಾರಿ ಶಾಲಾ ಶಿಕ್ಷಕರೇ ಕೂತು ಕಾರ್ಡು ಬರೆದು ಕಟ್ಟಿದ ಪದ್ಧತಿ ಅದು.

ಸೀಗಿ ಹುಣ್ಣಿಮೆ ಬಂದಾಗ ಟೀಚರ್ ಮಾತು ಕಡಿಮೆ ಮಾಡಿ ಮಕ್ಕಳಿಂದ ಹೇಳಿಸಬೇಕು. ಬಸುರಿಗೆ ಬಯಕೆ ಉಣಿಸಿದಂತೆ ಭೂಮಿತಾಯಿಗೆ ಉಣಿಸಲು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದದ್ದು, ಚರಗ ಚೆಲ್ಲಿದ್ದು, ಅವ್ವ ಏನೇನು ಮಾಡಿದ್ದಳೆಂಬುದು ಎಲ್ಲ ಮಗುವಿನ ನಾಲಗೆ ತುದಿಯಲ್ಲೇ ಇರುತ್ತದೆ. ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ಭೂಮಿಯನ್ನು ತಾಯಿಯೆಂದು ಕರೆದ ಆ ಸಂತರ ಕಥೆಯನ್ನು ಸಿಸ್ಟರ್ ಹೇಳುವಾಗ ಯಲಬುರ್ಗಾದ ಹುಡುಗಿಗೆ ಅದು ಹೊಸತೆನಿಸುವುದಿಲ್ಲ. ಅವಳು ಹೇಳಿದ ನಾಲ್ಕು ಮಾತನ್ನು ಅವಳ ಮಾತಿನಲ್ಲೇ, ತಿದ್ದದೆ, ಬೋರ್ಡಿನ ಮೇಲೆ ಬರೆದರೆ ಅದೇ ಆ ದಿನದ ಓದು. ತಾನು ಆಡಿದ ಮಾತನ್ನು ಅಕ್ಷರದಲ್ಲಿ ಕಂಡ ಮಗು ಓದಲು ಹೆದರುವುದಿಲ್ಲ.

ಪಾಠ ಅಂದಿಗೇ ಮುಗಿಯುವುದಿಲ್ಲ. ಒಂದಷ್ಟು ಹಸಿ ಕಾಯಿಯನ್ನು ತೂಗಿ, ತೂಕ ಬರೆದಿಟ್ಟು, ಕಿಟಕಿಯ ಬಿಸಿಲಿಗೆ ಹರಡುತ್ತಾರೆ. ವಾರ ಕಳೆದು ತೂಗಿದರೆ ಇಳಿದಿರುತ್ತದೆ. ಯಾರೂ ಕದ್ದಿಲ್ಲ, ಎಣಿಕೆ ಅಷ್ಟೇ ಇದೆ, ಹಾಗಾದರೆ ಹೋದದ್ದೇನು? ಅಡತಿ ಅಂಗಡಿಯಲ್ಲಿ ಹಸಿ ಕಾಯಿಗೆ ದರ ಯಾಕೆ ಇಳಿಸುತ್ತಾರೆಂದು ಅಪ್ಪನ ಜೊತೆ ಸಂತೆಗೆ ಹೋಗಿಬಂದ ಕುಷ್ಟಗಿ ಕಡೆಯ ಹುಡುಗ ಎದ್ದುನಿಂತು ಉಳಿದವರಿಗೆ ಹೇಳುತ್ತಾನೆ.