ಗೋಡೆ ಕಾಗದದಡಿ ಸಿಕ್ಕ ಊಟದ ಕೋಣೆ

ಫ್ರಾನ್ಸಿನ ಬ್ರಿಟನಿ ಕರಾವಳಿಯಲ್ಲಿ ಲ ಪುಲ್ದು ಎಂಬ ಸಣ್ಣ ಹಳ್ಳಿಯಿದೆ. 1924ರಲ್ಲಿ ಅಲ್ಲಿನ ಹಳೆಯ ತಂಗುಮನೆಯೊಂದರ ಊಟದ ಕೋಣೆಯನ್ನು ಹೊಸದು ಮಾಡುವ ಕೆಲಸ ನಡೆದಿತ್ತು. ಗೋಡೆಗೆ ಅಂಟಿಸಿದ್ದ ಕಾಗದವನ್ನು ಪದರ ಪದರವಾಗಿ ಕೀಳುತ್ತಾ ಹೋದಂತೆ ಕೆಳಗಿನ ಗಾರೆಯ ಮೇಲೆ ಬಣ್ಣ ಕಾಣಿಸಿಕೊಂಡಿತು. ಅಗಸೆ ನಾರು ಬಡಿಯುತ್ತಿರುವ ಹೆಂಗಸರು, ತಕಲಿ ಹಿಡಿದು ನೂಲುತ್ತಿರುವ ಒಬ್ಬ ಹುಡುಗಿ, ಒಂದು ಹೆಬ್ಬಾತು. ಏಬ್ರಹಾಂ ರಾಟ್ನರ್ ಮತ್ತು ಐಸಡೋರ್ ಲೆವಿ ಎಂಬ ಇಬ್ಬರು ಅಮೆರಿಕನ್ ಚಿತ್ರಕಾರರಿಗೆ ಇವು ಯಾರ ಕೈಕೆಲಸವೆಂದು ಹೊಳೆಯಿತು. ಅವರು ಚಿತ್ರಗಳನ್ನು ಕೊಂಡರು. ಗಾರೆಯ ಸಮೇತ ಅವು ಗೋಡೆ ಬಿಟ್ಟು, ಮನೆ ಬಿಟ್ಟು, ಊರು ಬಿಟ್ಟು ಹೋದವು.

ನಾರು ಬಡಿಯುವ ಹೆಂಗಸರನ್ನು ಬರೆದವನು ಡಚ್ ಚಿತ್ರಕಾರ ಮೇಯರ್ ಡಿ ಹಾನ್. ನೂಲುವ ಹುಡುಗಿ ಮತ್ತು ಹೆಬ್ಬಾತು ಪಾಲ್ ಗೋಗ್ಯಾಂನವು. ಇಬ್ಬರೂ 1889ರ ಅಕ್ಟೋಬರ್‌ನಿಂದ ಅದೇ ಮನೆಯಲ್ಲಿ ಉಳಿದು, ಅದೇ ಕೋಣೆಯಲ್ಲಿ ಊಟ ಮಾಡುತ್ತಿದ್ದವರು. ಮನೆಯ ಒಡತಿ ಮೇರಿ ಆನ್ರಿ. ಕಲೆಯ ಚರಿತ್ರೆ ಬರೆದವರು ಗೋಗ್ಯಾಂನಿಗೆ ಅಧ್ಯಾಯಗಟ್ಟಲೆ ಜಾಗ ಕೊಟ್ಟಿದ್ದಾರೆ. ಅವನಿಗೆ ಅನ್ನ ಹಾಕಿದ ಈ ಹೆಂಗಸಿಗೆ ಸಿಕ್ಕಿರುವುದು ಅಲ್ಲೊಂದು ಇಲ್ಲೊಂದು ಸಾಲು.

ಚಿತ್ರ ತುಂಬಿದ ಹಳ್ಳಿಮನೆಯಲ್ಲಿ ತಂಗುವುದು ಇಂದು ದುಬಾರಿ ವಾರಾಂತ್ಯದ ಸುಖ. ಅದು ಹುಟ್ಟಿದ್ದು ಮಾತ್ರ ಬಡತನದಲ್ಲಿ. ಪ್ಯಾರಿಸ್‌ಗೆ ಸಮೀಪದ ಫಾಂಟೆನ್‌ಬ್ಲೋ ಕಾಡಿನಂಚಿನ ಬಾರ್ಬಿಜೊನ್‌ನಲ್ಲಿ ಗಾನ್ ಎಂಬ ಕಿರಾಣಿ ವ್ಯಾಪಾರಿ 1830ರ ದಶಕದಲ್ಲಿ ತನ್ನ ಮನೆಯನ್ನೇ ತಂಗುಮನೆ ಮಾಡಿಕೊಂಡ. ಕಾಡಿನ ಚಿತ್ರ ಬರೆಯಲು ಬಂದ ಯುವಕರು ಅವನ ಬೀರು, ಬಾಗಿಲು, ಗೋಡೆ ಯಾವುದನ್ನೂ ಬಿಡದೆ ಬಣ್ಣ ಬಳಿದರು. ಆ ಕಟ್ಟಡ ಈಗ ವಸ್ತುಸಂಗ್ರಹಾಲಯ.

1860ರ ದಶಕದಲ್ಲಿ ರೈಲು ಬ್ರಿಟನಿಯ ಪಶ್ಚಿಮಕ್ಕೂ ಚಾಚಿತು. ಅದರ ಹಿಂದೆಯೇ ಚಿತ್ರಕಾರರೂ ಬಂದರು. ಅವೆನ್ ನದಿಯ ದಡದಲ್ಲಿ, ನೀರಿನ ಗಿರಣಿಗಳ ನಡುವೆ ಇದ್ದ ಪೊಂತಾವೆನ್ ಊರಿಗೆ ಮೊದಲು ಬಂದವರಲ್ಲಿ ಫಿಲಡೆಲ್ಫಿಯಾದ ರಾಬರ್ಟ್ ವೈಲಿ ಮತ್ತು ಅವನ ಅಮೆರಿಕನ್ ಗೆಳೆಯರಿದ್ದರು. ಪ್ಯಾರಿಸ್‌ಗಿಂತ ಅಗ್ಗದ ಬದುಕು, ರೂಪದರ್ಶಿಗಳಾಗಿ ನಿಲ್ಲಲು ಒಪ್ಪುವ ಹಳ್ಳಿಗರು, ಬಿಳಿ ಟೊಪ್ಪಿಗೆಯ ಹೆಂಗಸರು, ಊರಿಗೆ ತಾಗಿಕೊಂಡೇ ಕಾಡು. ಇನ್ನೇನು ಬೇಕಿತ್ತು? ಅನುಕೂಲಸ್ಥರು ಜೂಲಿಯಾ ಗಿಯ್ಯೂಳ ದೊಡ್ಡ ಹೋಟೆಲಿಗೆ ಹೋದರು. ಜೇಬು ಖಾಲಿಯಾದವರು ಮೇರಿ-ಜಾನ್ ಗ್ಲೊವಾನೆಕ್ ನಡೆಸುತ್ತಿದ್ದ ಊಟ-ವಸತಿಯ ಮನೆ ಹಿಡಿದರು. ಆಕೆ ಉದ್ರಿ ಕೊಡುತ್ತಿದ್ದಳು. 1880ರಲ್ಲೇ ಹೆನ್ರಿ ಬ್ಲ್ಯಾಕ್‌ಬರ್ನ್ ಎಂಬ ಇಂಗ್ಲಿಷ್ ಲೇಖಕ ತನ್ನ ಬ್ರಿಟನಿ ಪ್ರವಾಸದ ಪುಸ್ತಕದಲ್ಲಿ ಈ ಮನೆಯನ್ನು ಬಣ್ಣಿಸಿದ. ಆ ಪುಸ್ತಕಕ್ಕೆ ಚಿತ್ರ ಬರೆದವನು ರಾಂಡಾಲ್ಫ್ ಕಾಲ್ಡೆಕಾಟ್.

ಗೋಗ್ಯಾಂ ಅಲ್ಲಿಗೆ ಮೊದಲು ಬಂದದ್ದು 1886ರ ಬೇಸಿಗೆಯಲ್ಲಿ. 1888ರ ಆಗಸ್ಟ್ 15ರಂದು ಒಡತಿಯ ಹೆಸರಿನ ಹಬ್ಬಕ್ಕೆ ಅವನೊಂದು ಚಿತ್ರ ಬರೆದುಕೊಟ್ಟ. ಕೆಂಪು ಮೇಜು, ಹೂವು, ಹಣ್ಣು, ತಿನಿಸು. ಅವನ ಹೊಸ ಶೈಲಿ ಕಂಡರಾಗದವರು ಅದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದುದರಿಂದ ಚಿತ್ರದ ಮೇಲೆ ತನ್ನ ಹೆಸರು ಹಾಕಲಿಲ್ಲ. ಗೆಳೆಯ ಎಮಿಲ್ ಬೆರ್ನಾರ್‌ನ ತಂಗಿ ಮ್ಯಾಡೆಲೀನಳ ಹೆಸರು ಬರೆದ. ಆ ಚಿತ್ರ ಇಂದು ಓರ್ಲಿಯಾನ್ ನಗರದ ಸಂಗ್ರಹಾಲಯದಲ್ಲಿದೆ. ಅದೇ ವರ್ಷ ‘ಉಪದೇಶದ ನಂತರದ ದರ್ಶನ’ ಚಿತ್ರವನ್ನು ಪಕ್ಕದ ನಿಜೋನ್ ಹಳ್ಳಿಯ ಇಗರ್ಜಿಗೆ ಕಾಣಿಕೆಯಾಗಿ ಕೊಡಲು ಹೋದಾಗ ಪಾದ್ರಿ ಬೇಡವೆಂದ. ಪಾದ್ರಿ ಒಲ್ಲೆನೆಂದ ಕಾಲದಲ್ಲಿ ಅಡುಗೆಮನೆಯ ಒಡತಿಯರು ಈ ಚಿತ್ರಗಳಿಗೆ ಗೋಡೆ ಕೊಟ್ಟರು ಎಂಬುದನ್ನು ಮರೆಯುವ ಹಾಗಿಲ್ಲ.

ಪೊಂತಾವೆನ್‌ನಲ್ಲಿ ಪ್ರವಾಸಿಗರ ಗದ್ದಲ ಹೆಚ್ಚಿತು. ಗೋಗ್ಯಾಂ ಸಮುದ್ರದ ಕಡೆ ಸರಿದು ಲ ಪುಲ್ದುಗೆ ಬಂದ. ಅಲ್ಲಿ ಬೆರಳೆಣಿಕೆಯ ಮನೆ, ಮರಳ ದಿಬ್ಬ, ಬಂಡೆ, ಗಾಳಿ. ಮೂವತ್ತು ವಯಸ್ಸಿನ ಆಸುಪಾಸಿನ ಮೇರಿ ಆನ್ರಿ ಆಗಷ್ಟೇ ಕಡಲತೀರದ ಬಳಿ ತನ್ನದೇ ಪುಟ್ಟ ಪಾನಗೃಹ ಕಟ್ಟಿಸಿ, ಮೇಲೆ ಬಾಡಿಗೆಗೆ ಕೋಣೆಗಳನ್ನು ಮಾಡಿದ್ದಳು. ಊರವರು ಅವಳನ್ನು ಬೊಂಬೆ ಮೇರಿ ಎಂದು ಕರೆಯುತ್ತಿದ್ದರು. ಮದುವೆಯಾಗಿರಲಿಲ್ಲ, ತೊಡೆಯ ಮೇಲೆ ಎಳೆಯ ಮಗಳಿದ್ದಳು. ಆ ಕಾಲದ ಕ್ಯಾಥೊಲಿಕ್ ಹಳ್ಳಿಯಲ್ಲಿ ಹೀಗೆ ಒಬ್ಬಳೇ ನಿಂತು ವ್ಯಾಪಾರ ನಡೆಸಲು ಎಂಥ ಗಟ್ಟಿತನ ಬೇಕಿತ್ತೆಂದು ಯಾರಾದರೂ ಊಹಿಸಬಹುದು.

ಡಿ ಹಾನ್ ಆಂಸ್ಟರ್‌ಡ್ಯಾಮಿನ ಅನುಕೂಲಸ್ಥ ಯಹೂದಿ ಕುಟುಂಬದವನು. ಗೋಗ್ಯಾಂನ ಊಟ-ವಸತಿಯ ಖರ್ಚನ್ನು ಬಹುಮಟ್ಟಿಗೆ ಅವನೇ ಭರಿಸಿದ. ಹೊರಗೆ ಕೆಲಸ ಮಾಡಲಾಗದ ಚಳಿಗಾಲ ಬಂತು. ಇಬ್ಬರೂ ಊಟದ ಕೋಣೆಯ ಗೋಡೆಗೆ ಕೈಹಾಕಿದರು. ಆ ಡಿಸೆಂಬರ್‌ನಲ್ಲಿ ಗೋಗ್ಯಾಂ ವಿನ್ಸೆಂಟ್ ವಾನ್ ಗೋಗೆ ಬರೆದ ಪತ್ರದಲ್ಲಿ, ತಾವು ಉಣ್ಣುವ ಮನೆಯನ್ನು ಅಲಂಕರಿಸುವ ದೊಡ್ಡ ಕೆಲಸ ಹಿಡಿದಿರುವುದಾಗಿ ಉತ್ಸಾಹದಿಂದ ಹೇಳಿಕೊಂಡಿದ್ದಾನೆ. ಒಂದು ಗೋಡೆಯಲ್ಲಿ ಶುರುವಾದದ್ದು ಅಲ್ಲಿಗೆ ನಿಲ್ಲಲಿಲ್ಲ. ಬೀರುವಿನ ಒಂದು ಬಾಗಿಲ ಮೇಲೆ ಗೋಗ್ಯಾಂ ತನ್ನನ್ನೇ ಬರೆದುಕೊಂಡ: ತಲೆಯ ಮೇಲೆ ಪ್ರಭಾವಲಯ, ಬೆರಳ ನಡುವೆ ಹಾವು, ಹಿಂದೆ ನೇತಾಡುವ ಸೇಬು. ಇನ್ನೊಂದರಲ್ಲಿ ದೀಪದ ಬೆಳಕಿನಲ್ಲಿ ಯೋಚಿಸುತ್ತ ಕುಳಿತ ಡಿ ಹಾನ್, ಮುಂದೆ ಮಿಲ್ಟನ್ ಮತ್ತು ಕಾರ್ಲೈಲರ ಪುಸ್ತಕಗಳು. ಕೋಣೆಯ ಬಾಗಿಲಿಗೆ ‘ಬೊಂಜೂರ್ ಮಸ್ಯೋ ಗೋಗ್ಯಾಂ’ ಎಂಬ ಚಿತ್ರ. ಛಾವಣಿಗೂ ಬಣ್ಣ, ಕಿಟಕಿಯ ಗಾಜಿಗೂ ಬಣ್ಣ. ಚಿತ್ರಕಾರ ಪಾಲ್ ಸೆರುಸಿಯೆ ಬಂದು ಗೋಡೆಯ ಮೇಲೆ ಸಂಗೀತಗಾರ ವಾಗ್ನರನ ಮಾತೊಂದನ್ನು ಬರೆದ. ಫಿಲಿಜೆ ಎಂಬ ಇನ್ನೊಬ್ಬನೂ ಸೇರಿಕೊಂಡ. ಹಗಲೆಲ್ಲ ದುಡಿಮೆ, ರಾತ್ರಿ ಊಟವಾದ ಮೇಲೆ ಲೊಟ್ಟೊ ಆಟ, ಇಲ್ಲವೇ ಮತ್ತೆ ಚಿತ್ರ. ಡಿ ಹಾನ್ ಮತ್ತು ಮೇರಿಯ ನಡುವೆ ಪ್ರೀತಿ ಬೆಳೆಯಿತು. ಮಗುವಿಗೆ ಹಾಲೂಡಿಸುತ್ತಿರುವ ಅವಳನ್ನು ಅವನು ಬರೆದ ಚಿತ್ರ ಆ ಮನೆಯ ಅತ್ಯಂತ ಮೃದುವಾದ ದಾಖಲೆ.

ಇದು ಹೆಚ್ಚು ಕಾಲ ಉಳಿಯಲಿಲ್ಲ. 1890ರ ಅಕ್ಟೋಬರ್‌ನಲ್ಲಿ ಡಿ ಹಾನ್ ಊರು ಬಿಟ್ಟ. ಮರುವರ್ಷ ಅವನ ಮಗಳು ಹುಟ್ಟಿದಳು. ಅವನು ಹೋದ ಮರುತಿಂಗಳು, 1890ರ ನವೆಂಬರ್‌ನಲ್ಲಿ, ಗೋಗ್ಯಾಂ ಕೂಡ ಹೊರಟ. ಹೋಗುವಾಗ ಅವನ ಲೆಕ್ಕ ಚುಕ್ತಾ ಆಗಿರಲಿಲ್ಲ. ಚಿತ್ರ, ಕೆತ್ತನೆ ಎಲ್ಲ ಮೇರಿಯ ಮನೆಯಲ್ಲೇ ಉಳಿದವು. 1891ರ ಏಪ್ರಿಲ್‌ನಲ್ಲಿ ಅವನು ಟಹೀಟಿಯ ಹಡಗು ಹತ್ತಿದ.

1894ರಲ್ಲಿ ಅವನು ಬ್ರಿಟನಿಗೆ ಮರಳಿ ಬರುವಷ್ಟರಲ್ಲಿ ಮೇರಿ ಪಾನಗೃಹವನ್ನು ಬಾಡಿಗೆಗೆ ಕೊಟ್ಟು ಬೇರೆ ಊರಿಗೆ ಹೋಗಿದ್ದಳು. ಒಯ್ಯಬಹುದಾದ ಚಿತ್ರಗಳನ್ನೆಲ್ಲ ಜೊತೆಗೆ ಒಯ್ದಿದ್ದಳು. ಗೋಗ್ಯಾಂ ವಾಪಸು ಕೇಳಿದ. ಅವಳು ಕೊಡಲಿಲ್ಲ. ಆ ಮೇ ತಿಂಗಳಲ್ಲಿ ಕೊಂಕಾರ್ನೊ ಬಂದರಿನಲ್ಲಿ ನಾವಿಕರೊಡನೆ ನಡೆದ ಹೊಡೆದಾಟದಲ್ಲಿ ಗೋಗ್ಯಾಂನ ಕಾಲು ಮುರಿದಿತ್ತು. ಅಂಥ ಸ್ಥಿತಿಯಲ್ಲೂ ಕೋರ್ಟಿಗೆ ಹೋದ. ನವೆಂಬರ್‌ನಲ್ಲಿ ತೀರ್ಪು ಅವನ ವಿರುದ್ಧ ಬಂತು.

ಗೋಗ್ಯಾಂನ ಅಭಿಮಾನಿಗಳು ಈ ಪ್ರಸಂಗದಲ್ಲಿ ಮೇರಿಯನ್ನು ಜಿಪುಣಿಯೆಂದು ನೋಡುವುದುಂಟು. ಇದು ಅನ್ಯಾಯ. ಆ ಹೊತ್ತಿಗೆ ಈ ಚಿತ್ರಗಳಿಗೆ ಪೇಟೆಯಲ್ಲಿ ಹೇಳಿಕೊಳ್ಳುವಂಥ ಬೆಲೆಯಿರಲಿಲ್ಲ. ಬೀರುವಿನ ಬಾಗಿಲನ್ನು ಒಲೆಗೆ ಹಾಕಿದ್ದರೂ ಕೇಳುವವರಿರಲಿಲ್ಲ. ಅವಳು ಜೋಪಾನ ಮಾಡಿದಳು. ಅವಳ ನೆನಪುಗಳನ್ನು ಸಂಗಾತಿ ಆನ್ರಿ ಮೊತೆರೆ ಬರೆದಿಟ್ಟ; ಷಾರ್ಲ್ ಷಾಸೆ 1921ರ ತನ್ನ ಪುಸ್ತಕದಲ್ಲಿ ಅವನ್ನು ಬಳಸಿಕೊಂಡ. ಯಾವ ಚಿತ್ರ ಯಾವ ಗೋಡೆಯಲ್ಲಿತ್ತು, ಯಾರು ಎಷ್ಟು ಹೊತ್ತಿಗೆ ಏಳುತ್ತಿದ್ದರು ಎಂಬುದು ಇಂದು ತಿಳಿದಿರುವುದು ಬಹುಪಾಲು ಹಾಗೆ. 1919ರಲ್ಲಿ ಅವಳ ಬಳಿಯಿದ್ದ ಕೃತಿಗಳು ಪ್ಯಾರಿಸ್‌ನ ಬಾರ್ಬಜಾಂಜ್ ಗ್ಯಾಲರಿಯಲ್ಲಿ ಪ್ರದರ್ಶನ ಕಂಡವು. ಗಾರೆಗೆ ಅಂಟಿದ್ದವನ್ನು ಮಾತ್ರ ಒಯ್ಯಲಾಗದೆ ಬಿಟ್ಟಿದ್ದಳು. ಅವುಗಳ ಮೇಲೆಯೇ ನಂತರದವರು ಕಾಗದ ಮೆತ್ತಿದರು.

ಬೇರೆಡೆ ಹೀಗಾಗದೆ ಉಳಿದದ್ದೂ ಉಂಟು. ದಕ್ಷಿಣ ಫ್ರಾನ್ಸಿನ ಸೇಂಟ್-ಪಾಲ್-ದ-ವಾನ್ಸ್ ಬೆಟ್ಟದೂರಿನಲ್ಲಿ ಪಾಲ್ ರೂ ಎಂಬವನು 1920ರಲ್ಲಿ ತೆರೆದ ಸಣ್ಣ ಕೆಫೆ ಮುಂದೆ ‘ಲಾ ಕೊಲೊಂಬ್ ದೋರ್’ ಎಂಬ ತಂಗುಮನೆಯಾಯಿತು. ಮತೀಸ್, ಬ್ರಾಕ್, ಲೆಜೆ, ಪಿಕಾಸೊ ಅಲ್ಲಿ ಬಂದು ಹೋದರು, ಕೃತಿಗಳನ್ನು ಬಿಟ್ಟು ಹೋದರು. ಅದೇ ಕುಟುಂಬ ಇವತ್ತಿಗೂ ಅದನ್ನು ನಡೆಸುತ್ತಿದೆ. ಲೆಜೆಯ ಗೋಡೆಚಿತ್ರದ ಪಕ್ಕ ಊಟಕ್ಕೆ ಕೂರಬಹುದು, ಈಜುಕೊಳದ ಬಳಿ ಕಾಲ್ಡರನ ತೂಗುಶಿಲ್ಪ ನೋಡಬಹುದು. ಒಂದೇ ಮನೆತನ ಪಟ್ಟು ಹಿಡಿದದ್ದರಿಂದ ಅಲ್ಲಿ ಕೋಣೆ ಕೋಣೆಯಾಗಿಯೇ ಉಳಿಯಿತು.

ಲ ಪುಲ್ದುನಲ್ಲಿ ಉಳಿಯಲಿಲ್ಲ. ಹಾವು ಹಿಡಿದ ಗೋಗ್ಯಾಂ ವಾಷಿಂಗ್ಟನ್‌ನ ರಾಷ್ಟ್ರೀಯ ಕಲಾ ಗ್ಯಾಲರಿಯಲ್ಲಿದ್ದಾನೆ. ಪಕ್ಕದ ಬಾಗಿಲಲ್ಲಿದ್ದ ಡಿ ಹಾನ್ ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ. ನೂಲುವ ಹುಡುಗಿ 2006ರಲ್ಲಿ ಆಂಸ್ಟರ್‌ಡ್ಯಾಮಿನ ವಾನ್ ಗೋ ಸಂಗ್ರಹಾಲಯ ಸೇರಿದಳು. ಹೆಬ್ಬಾತು ಮಾತ್ರ ಬ್ರಿಟನಿಯಲ್ಲೇ, ಕ್ಯಾಂಪೇರ್ ಪಟ್ಟಣದಲ್ಲಿ ನಿಂತಿತು. ಒಂದು ಮೇಜಿನ ಸುತ್ತ ಕೂತವರು ತಲೆಯೆತ್ತಿದರೆ ಒಟ್ಟಿಗೆ ಕಾಣುತ್ತಿದ್ದ ಚಿತ್ರಗಳಿವು. ಒಂದೊಂದನ್ನೂ ಬಿಡಿಯಾಗಿ ಗಾಜಿನ ಹಿಂದೆ ನೋಡಿದಾಗ ಚಳಿಗಾಲದ ಆ ಕೋಣೆ ಕಣ್ಣಿಗೆ ಬರುವುದಿಲ್ಲ. ಬಾಗಿಲು ಬಾಗಿಲಿಗೆ ಎದುರಾಡುತ್ತಿದ್ದ ಮಾತು, ಗೆಳೆಯ ಗೆಳೆಯನನ್ನು ಕೆಣಕಿದ ಬಗೆ, ಎಲ್ಲ ಕಳೆದುಹೋಗಿದೆ.

1989ರಲ್ಲಿ ಊರವರು ಮೂಲ ಮನೆಯ ಪಕ್ಕದಲ್ಲೇ ಮೇರಿಯ ಪಾನಗೃಹವನ್ನು ಮರುಸೃಷ್ಟಿಸಿದರು. ಆ ಕಾಲದ ಪೀಠೋಪಕರಣ, ನಕಲು ಚಿತ್ರಗಳು, ಮೊತೆರೆ ಬರೆದಿಟ್ಟ ವಿವರಗಳಂತೆ ಜೋಡಿಸಿದ ಊಟದ ಕೋಣೆ. ರಾತ್ರಿ ತಂಗುವಂತಿಲ್ಲ, ನೋಡಿ ಬರಬಹುದು. ನಕಲೆಂದು ಮೂಗು ಮುರಿಯುವವರು ಒಮ್ಮೆ ಒಳಗೆ ನಿಂತು ನೋಡಬೇಕು: ಬೀರು, ಬಾಗಿಲು, ಛಾವಣಿ, ಗೋಡೆ ಅಲ್ಲಿ ಮತ್ತೆ ಒಂದೇ ಕೋಣೆಯಲ್ಲಿವೆ, ಮತ್ತು ಆ ಮನೆ ನೆನಪಿಸುವುದು ಮೇರಿ ಆನ್ರಿಯನ್ನು.